ಹಾರ್ಮುಜ್ ಸುದ್ದಿ ಬಂತೆಂದು ಬಂಕ್‌ಗೆ ಓಡುವ ಮುಂಚೆ ಹೀಗೆ ಲೆಕ್ಕ ಹಾಕಿ

ಗಲ್ಫ್‌ನ ಎಣ್ಣೆ ಹಡಗುಗಳು ಹೊರಬರುವ, ಇರಾನ್ ಒಮಾನ್ ನಡುವಿನ ಹಾರ್ಮುಜ್ ಜಲಸಂಧಿ ಕಡೆ ಏನಾದರೂ ಗಲಾಟೆ ಆದರೆ ಸಾಕು, ಸುರತ್ಕಲ್‌ನಿಂದ ಕುಂದಾಪುರದ ತನಕ ವಾಟ್ಸಾಪ್‌ನಲ್ಲಿ ಒಂದೇ ಮೆಸೇಜು: ನಾಳೆಯಿಂದ ಪೆಟ್ರೋಲ್ ಸಿಗಲ್ಲ. ಸುಮ್ನೆ ಕ್ಯೂ ನಿಲ್ಲುವ ಬದಲು ಸ್ವಲ್ಪ ಹೊತ್ತು ಕೂತು ನೀವೇ ಲೆಕ್ಕ ಹಾಕಬಹುದು. ಮೊಬೈಲು, ಒಂದು ಮ್ಯಾಪು, ಭಾಗಾಕಾರ ಗೊತ್ತಿದ್ದರೆ ಆಯ್ತು.

ಮೊದಲು ನೋಡಬೇಕಾದ್ದು, ಕೆಟ್ಟಿರುವ ಜಾಗಕ್ಕೆ ಬದಲಿ ದಾರಿ ಇದೆಯಾ ಅಂತ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಬಂದ್ ಆಗಿತ್ತು. 2023ರ ಕೊನೆಯಿಂದ ಯೆಮೆನ್‌ನ ಹೂಥಿ ಬಂಡುಕೋರರ ದಾಳಿಗೆ ಹೆದರಿ ಎಷ್ಟೋ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಶಿರಾಡಿ ಬಂದ್ ಆದರೆ ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಹೋಗ್ತೇವಲ್ಲ, ಹಾಗೆ. ಸರಕು ಬಂದೇ ಬರುತ್ತದೆ, ಆದರೆ ಯುರೋಪ್ ಏಷ್ಯಾ ನಡುವೆ 10-14 ದಿನ ಜಾಸ್ತಿ ಹಿಡಿಯುತ್ತದೆ. ಅದೇ ಹಡಗು ವರ್ಷಕ್ಕೆ ಮಾಡುವ ಟ್ರಿಪ್ ಕಮ್ಮಿಯಾಗಿ, ಎಣ್ಣೆ ಇದ್ದರೂ ಹೊರುವ ಹಡಗು ಸಾಲದೆ ಬಾಡಿಗೆ ಏರುತ್ತದೆ. ಸೌದಿಯ ಗಲ್ಫ್ ಬದಿಯಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಕಚ್ಚಾ ತೈಲಕ್ಕೆ ಕೆಂಪು ಸಮುದ್ರ ದಾರಿಯಲ್ಲೇ ಸಿಗುವುದಿಲ್ಲ. ರಷ್ಯಾದ ಕಪ್ಪು ಸಮುದ್ರದ ಕಡೆಯಿಂದ ಬರುವುದಕ್ಕೆ ಸಿಗುತ್ತದೆ. ಹಾಗಾಗಿ ಸುದ್ದಿ ಓದುವಾಗ ಯಾವ ಎಣ್ಣೆ, ಎಲ್ಲಿಂದ ಹೊರಟದ್ದು ಅಂತ ಕೇಳಿ.

ಹಾರ್ಮುಜ್ ಕತೆ ಬೇರೆ. ತೀರಾ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲ, ಅದರೊಳಗೆ ಹೋಗಲು ಒಂದು ಬರಲು ಒಂದು ಪಥ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ಇಲ್ಲಿಂದ ದಾಟಿದೆ, ಅಂದರೆ ಜಗತ್ತು ಬಳಸುವುದರಲ್ಲಿ ಐದರಲ್ಲಿ ಒಂದು ಪಾಲು. ಸಮುದ್ರದಲ್ಲಿ ಬದಲಿ ದಾರಿಯೇ ಇಲ್ಲ. ಇರುವುದು ಪೈಪುಗಳು: ಸೌದಿಯಿಂದ ಕೆಂಪು ಸಮುದ್ರದ ಯಾನ್ಬುಗೆ ಒಂದು, ಅಬುಧಾಬಿಯಿಂದ ಹಾರ್ಮುಜ್ ಆಚೆಗಿನ ಫುಜೈರಾ ಬಂದರಿಗೆ ಒಂದು. ಎರಡೂ ಸೇರಿದರೂ 2 ಕೋಟಿಯ ಹತ್ತಿರ ಬರುವುದಿಲ್ಲ, ಅದರಲ್ಲೂ ಮಾಮೂಲಿ ದಿನಗಳಲ್ಲೇ ಅವುಗಳಲ್ಲಿ ಒಂದಿಷ್ಟು ಎಣ್ಣೆ ಹರಿಯುತ್ತಿರುತ್ತದೆ. ಇನ್ನೊಂದು ಗಮನಿಸಿ. ಯಾನ್ಬುವಿನಿಂದ ಮಂಗಳೂರಿಗೆ ನೇರವಾಗಿ ಬರಬೇಕಾದರೆ ಕೆಂಪು ಸಮುದ್ರದ ದಕ್ಷಿಣದ ಬಾಯಿ ಬಾಬ್ ಎಲ್ ಮಂದೇಬ್ ದಾಟಲೇಬೇಕು, ಅಂದರೆ ಹೂಥಿಗಳ ಬಾಗಿಲಿಗೇ. ಬದಲಿ ದಾರಿ ಎಷ್ಟಿವೆ ಅಂತ ಎಣಿಸಿದರೆ ಸಾಲದು, ಅವು ಮುಂದೆ ಎಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತಲೂ ನೋಡಬೇಕು. ಟಿವಿಯವರು ಇದನ್ನು ಹೇಳುವುದೇ ಇಲ್ಲ ಬಿಡಿ.

ಆಮೇಲೆ ಹಡಗು ನೋಡಿ. ಯಾವ ಹಡಗು ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸುವ ಮರೀನ್‌ಟ್ರಾಫಿಕ್ ವೆಬ್‌ಸೈಟ್ ತೆರೆದು ಪಣಂಬೂರಿನ ಎದುರಿನ ಕಡಲನ್ನು ದೊಡ್ಡದು ಮಾಡಿ. ಕೆಂಪು ಬಾಣದ ಗುರುತುಗಳೆಲ್ಲ ಟ್ಯಾಂಕರ್‌ಗಳು. ಒಂದನ್ನು ಒತ್ತಿದರೆ ಹೋಗುವ ಜಾಗ ಬರುತ್ತದೆ, ನಮ್ಮ ಬಂದರಿನ ಕೋಡ್ ಐಎನ್‌ಎನ್‌ಎಂಎಲ್. ಕೆಳಗೆ ಡ್ರಾಫ್ಟ್ ಅಂತ ಇರುತ್ತದೆ, ಹಡಗು ನೀರಿನಲ್ಲಿ ಎಷ್ಟು ಮೀಟರ್ ಮುಳುಗಿದೆ ಅಂತ. 20 ಲಕ್ಷ ಬ್ಯಾರೆಲ್ ಹೊರುವ ದೊಡ್ಡ ಟ್ಯಾಂಕರ್ ತುಂಬಿದಾಗ ಸುಮಾರು 20 ಮೀಟರ್ ಮುಳುಗುತ್ತದೆ, ಖಾಲಿ ಇದ್ದರೆ ಅದರ ಅರ್ಧ. ಅಂಥದ್ದು ಒಳ ಬಂದರಿಗೆ ಬರಲಾಗದು, ಹೊರಗೆ ಕಡಲಿನಲ್ಲೇ ತೇಲುವ ಬೋಯಾಗೆ ಕಟ್ಟಿ ಪೈಪಿನಲ್ಲಿ ಇಳಿಸುತ್ತಾರೆ. ಡ್ರಾಫ್ಟನ್ನೂ ಹೋಗುವ ಜಾಗವನ್ನೂ ಹಡಗಿನವರೇ ಕೈಯಾರೆ ಹಾಕುವುದು, ಕೆಲವೊಮ್ಮೆ ಹಳೆಯದೇ ಉಳಿದಿರುತ್ತದೆ. ಗಲಾಟೆ ಜಾಗದಲ್ಲಿ ಸಿಗ್ನಲ್ಲೇ ಆಫ್ ಮಾಡಿಕೊಂಡು ಓಡಾಡುವವರೂ ಇದ್ದಾರೆ. ಹಾಗಾಗಿ ಒಂದು ದಿನ ನೋಡಿ ತೀರ್ಮಾನಕ್ಕೆ ಬರಬೇಡಿ, ವಾರವಿಡೀ ನೋಡಿ. ಹಾರ್ಮುಜ್ ದಾಟಿದ ಮೇಲೂ ನಿಶ್ಚಿಂತೆ ಅಂತಿಲ್ಲ. ಸೌದಿಯಿಂದ ಮಂಗಳೂರಿಗೇ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರ್‌ಗೆ 2023ರ ಡಿಸೆಂಬರ್ 23ರಂದು ಡ್ರೋನ್ ಬಡಿದದ್ದು ಗುಜರಾತ್ ಕರಾವಳಿಯ ಆಚೆಗೆ, ನಮ್ಮ ಬದಿಯ ಅರಬ್ಬಿ ಸಮುದ್ರದಲ್ಲಿ.

ಕೊನೆಗೆ ದಾಸ್ತಾನು. ನೆಲದಡಿಯ ಕಲ್ಲಿನ ಗುಹೆಗಳಲ್ಲಿ ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 150 ಲಕ್ಷ ಟನ್, ಅಂದರೆ ದಿನಕ್ಕೆ ಸುಮಾರು 41,000. ಭಾಗಿಸಿ ನೋಡಿ, ಮಂಗಳೂರಿನ ಗುಹೆ ಒಂದೇ 36 ದಿನಕ್ಕೆ ಬರುತ್ತದೆ. ಖುಷಿಪಡಬೇಡಿ, ಅದು ಇಡೀ ದೇಶದ್ದು, ನಮ್ಮೊಬ್ಬರದ್ದಲ್ಲ. ವಿಶಾಖಪಟ್ಟಣದ್ದೂ ಸೇರಿಸಿದರೆ ದೇಶಕ್ಕೆ 9.5 ದಿನ, ಕಂಪನಿಗಳ ಟ್ಯಾಂಕುಗಳದ್ದು 64.5 ದಿನ ಅಂತ ಸರ್ಕಾರದ ಲೆಕ್ಕ. ಇದೆಲ್ಲ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ, ಇವತ್ತು ಎಷ್ಟು ತುಂಬಿದೆ ಎಂಬುದಲ್ಲ. ಅದನ್ನು ಬೇರೆಯಾಗಿಯೇ ಹುಡುಕಬೇಕು.

ಪೆಟ್ರೋಲಿಗೆ ಇಷ್ಟೆಲ್ಲ ಆಸರೆ ಇದೆ, ರೇಟು ಏರಬಹುದು, ಆದರೆ ನಾಳೆಯೇ ಬಂಕ್ ಒಣಗುವುದಿಲ್ಲ. ತಲೆಕೆಡಿಸಿಕೊಳ್ಳಬೇಕಾದ್ದು ಅಡುಗೆ ಗ್ಯಾಸಿಗೆ. ದೇಶದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು, ಬಹುಪಾಲು ಹಾರ್ಮುಜ್ ದಾಟಿಯೇ ಬರುವುದು. ಮಂಗಳೂರಿನ ಎಲ್‌ಪಿಜಿ ಗುಹೆ ಹಿಡಿಯುವುದು 80,000 ಟನ್, ದೇಶ ದಿನಕ್ಕೆ ಉರಿಸುವುದೇ ಹೆಚ್ಚುಕಮ್ಮಿ ಅಷ್ಟು. ಹಾಗಾಗಿ ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿ ಮನೆಯೊಳಗೆ ಇಡುವ ಹುಚ್ಚು ಬೇಡ. ಖಾಲಿ ಸಿಲಿಂಡರ್ ಮೂಲೆಯಲ್ಲಿ ಬಿದ್ದಿದ್ದರೆ ಇವತ್ತೇ ಬುಕ್ ಮಾಡಿ.