‘ಮರ್ಜ್’ ಆದಮೇಲೆ ‘ವಿತ್’ ಹಾಕಬೇಕಾ, ‘ಇಂಟು’ ಹಾಕಬೇಕಾ?

‘ಪ್ಲೀಸ್ ಮರ್ಜ್ ದಿಸ್ ಫೈಲ್ ಟು ದಟ್ ಫೈಲ್.’ ಇಂಥ ಮೇಲ್ ನಿಮಗೂ ಬಂದಿರುತ್ತದೆ ಅಲ್ವಾ? ಅರ್ಥವೇನೋ ಆಗುತ್ತದೆ, ಆದರೆ ಆ ‘ಟು’ ಅಲ್ಲಿ ಹೊಂದುವುದಿಲ್ಲ. ನಾವು ‘ಇದನ್ನು ಅದಕ್ಕೆ ಸೇರಿಸು’ ಅನ್ನುತ್ತೇವಲ್ಲ, ಆ ‘ಕ್ಕೆ’ ಇಂಗ್ಲಿಷಿನಲ್ಲಿ ‘ಟು’ ಆಗಿ ಬಂದು ಕೂತಿರುತ್ತದೆ. ‘ಆಡ್’ ಜೊತೆ ‘ಟು’ ಸರಿ. ‘ಮರ್ಜ್’ ಜೊತೆ ಬರಬೇಕಾದ್ದು ‘ವಿತ್’ ಅಥವಾ ‘ಇಂಟು’.

ಯಾವುದನ್ನು ಯಾವಾಗ ಬಳಸಬೇಕು? ಸೇರಿಸಿದ ಮೇಲೆ ಏನು ಉಳಿಯುತ್ತದೆ ಅಂತ ನೋಡಿ. ಒಂದು ಹೋಗಿ ಇನ್ನೊಂದರ ಒಳಗೆ ಸೇರಿಕೊಂಡರೆ, ಅಥವಾ ಎಲ್ಲ ಸೇರಿ ಒಂದೇ ಆದರೆ ‘ಇಂಟು’. ‘ಮರ್ಜ್ ದ ತ್ರೀ ಫೈಲ್ಸ್ ಇಂಟು ಒನ್.’

ಗಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಬಳಸುವವರು ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ‘ಮರ್ಜ್ ಫೀಚರ್ ಇಂಟು ಮೇನ್’ ಅಂದರೆ ಬದಲಾಗುವುದು ಮೇನ್ ಬ್ರಾಂಚ್ (ಬ್ರಾಂಚ್ ಅಂದರೆ ಕೋಡಿನ ಒಂದು ಕವಲು; ‘ಫೀಚರ್’, ‘ಮೇನ್’ ಅಂಥ ಕವಲುಗಳ ಹೆಸರು). ಹೆಸರು ಅದಲುಬದಲಾದರೆ ಕೆಲಸವೇ ಉಲ್ಟಾ, ಮೇನ್‌ನಲ್ಲಿದ್ದದ್ದು ಫೀಚರ್‌ಗೆ ಬರುತ್ತದೆ, ಮೇನ್ ಮಾತ್ರ ಇದ್ದ ಹಾಗೇ ಇರುತ್ತದೆ. ಕಮಾಂಡಿನಲ್ಲಿ ಬರೀ ‘ಗಿಟ್ ಮರ್ಜ್ ಫೀಚರ್’ ಅಂತ ಹೊಡೆಯುತ್ತೇವೆ, ‘ಇಂಟು’ ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಆಗ ನೀವು ಯಾವ ಬ್ರಾಂಚಿನಲ್ಲಿ ಇದ್ದೀರೋ ಅದರೊಳಗೇ ಅದು ಸೇರುತ್ತದೆ. ಅದಕ್ಕೇ ಸಹೋದ್ಯೋಗಿಗೆ ಬರೆದು ತಿಳಿಸುವಾಗ ‘ಇಂಟು’ ಬಿಡಬೇಡಿ. ಮಾತಿನಲ್ಲಿ ‘ಮರ್ಜ್ ಟು ಮೇನ್’ ಅನ್ನುವವರು ತುಂಬಾ ಜನ ಇದ್ದಾರೆ, ಅವರವರಲ್ಲಿ ಅದು ನಡೆಯುತ್ತದೆ.

‘ವಿತ್’ ಯಾವುದು ಯಾವುದರೊಳಗೆ ಹೋಯಿತು ಅಂತ ಹೇಳುವುದಿಲ್ಲ, ಇದು ಅದರ ಜೊತೆ ಸೇರಿತು ಅನ್ನುತ್ತದೆ, ಅಷ್ಟೇ. ಎರಡು ತೈಲ ಕಂಪನಿಗಳು ಸೇರಿದ್ದನ್ನು ಹೀಗೆ ಹೇಳಬಹುದು: ‘ಎಕ್ಸಾನ್ ಮರ್ಜ್ಡ್ ವಿತ್ ಮೊಬಿಲ್ ಇನ್ 1999.’ ಎರಡನ್ನೂ ಮೊದಲೇ ಹೇಳಿಬಿಟ್ಟರೆ ಇದೂ ಬೇಡ: ‘ಎಕ್ಸಾನ್ ಅಂಡ್ ಮೊಬಿಲ್ ಮರ್ಜ್ಡ್.’ ಹಾಗಾದರೆ ‘ಮರ್ಜ್ಡ್ ಟು ಫಾರ್ಮ್ ಎಕ್ಸಾನ್‌ಮೊಬಿಲ್’ ಅಂತ ಬರೆಯುತ್ತಾರಲ್ಲ, ಅಲ್ಲಿ ‘ಟು’ ಹೇಗೆ ಬಂತು ಅಂತ ಕೇಳಬಹುದು. ಅದು ‘ಮರ್ಜ್’ಗೆ ಸೇರಿದ್ದಲ್ಲ, ಮುಂದಿನ ‘ಫಾರ್ಮ್’ ಅನ್ನೋ ಕ್ರಿಯಾಪದಕ್ಕೆ ಸೇರಿದ್ದು. ಎರಡೂ ಸೇರಿ ಎಕ್ಸಾನ್‌ಮೊಬಿಲ್ ಆಯಿತು ಅಂತ ಅರ್ಥ.

‘ಮರ್ಜ್ ಟುಗೆದರ್’ ಅನ್ನುವುದು ವ್ಯಾಕರಣದ ತಪ್ಪೇನಲ್ಲ, ಆದರೆ ಸೇರಿಸುವುದು ‘ಮರ್ಜ್’ನಲ್ಲೇ ಇದೆ, ಮತ್ತೆ ‘ಟುಗೆದರ್’ ಸುಮ್ನೆ ಜಾಸ್ತಿ. ನಾನಾದರೆ ಅದನ್ನು ತೆಗೆದುಹಾಕುತ್ತೇನೆ. ‘ಕಂಬೈನ್’ಗೂ ಇದೇ ಲೆಕ್ಕ: ‘ಕಂಬೈನ್ ದಿಸ್ ಲಿಸ್ಟ್ ವಿತ್ ದಟ್ ಒನ್’, ‘ಕಂಬೈನ್ ದ ಲಿಸ್ಟ್ಸ್ ಇಂಟು ಒನ್’.