ಸಿಎಲ್-2 ಸನ್ನದು ಸಿಕ್ಕಿತು, ಜಾಗ ಸಿಗಬೇಕಲ್ಲ!

"ಕಿರಾಣಿ ಅಂಗಡಿಯಲ್ಲಿ ಬಿಯರ್ ಇಡೋಕೆ ಪರ್ಮಿಷನ್ ಎಲ್ಲಿ ಕೊಡ್ತಾರೆ?" ಎಂದು ತುಮಕೂರಿನ ಅಂಗಡಿಯವರು ನನ್ನನ್ನು ಆಗಾಗ ಕೇಳುತ್ತಾರೆ. ಎಲ್ಲೂ ಕೊಡುವುದಿಲ್ಲ. ಅಕ್ಕಿ, ಬೇಳೆ, ಸೋಪು ಮಾರುವ ಗಲ್ಲಾದಲ್ಲೇ ಕೂತು ಬಾಟಲಿಯನ್ನೂ ಮಾರುವ ಅವಕಾಶ ನಮ್ಮಂಥ ಕಿರಾಣಿ ಅಂಗಡಿಗಿಲ್ಲ. ಮದ್ಯ ಮಾರಬೇಕಾದರೆ ಅಬಕಾರಿ ಇಲಾಖೆಯ ಸನ್ನದು, ಅಂದರೆ ಲೈಸೆನ್ಸ್, ಬೇಕು. ಅದಕ್ಕೆ ಬೇರೆಯೇ ಮಳಿಗೆ ಬೇಕು. ನನಗೆ ಈಗ ಎರಡೂ ಇವೆ. ಒಂದು ಹಳೆಯ ಪ್ರಾವಿಷನ್ ಸ್ಟೋರ್, ಇನ್ನೊಂದು ಆಮೇಲೆ ಮಾಡಿಕೊಂಡ ಸಿಎಲ್-2 ಮಳಿಗೆ, ಅಂದರೆ ಬಾಟಲಿ ಪಾರ್ಸಲ್ ಮಾತ್ರ ಕೊಡುವ ಮದ್ಯದಂಗಡಿ. ಜನ ಅದನ್ನು ವೈನ್ ಸ್ಟೋರ್ ಅನ್ನುತ್ತಾರೆ, ವೈನ್ ಕೇಳುವವರು ಅಪರೂಪವಾದರೂ.

ಪ್ರಾವಿಷನ್ ಸ್ಟೋರ್ ಇರುವುದು ಪೇಟೆಯಿಂದ ಹೊರಗೆ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆ. ಶಿಫ್ಟ್ ಮುಗಿಸಿ ಬರುವ ಹುಡುಗರು ಬ್ರೆಡ್ಡು, ಮೊಟ್ಟೆ, ಕುರುಕಲು ಎಲ್ಲ ಕಟ್ಟಿಸಿಕೊಂಡು, "ಅಣ್ಣ, ಒಂದು ಫ್ರಿಜ್ಜಲ್ಲಿ ಬಿಯರ್ ಇಡಿ ಅಣ್ಣ, ಪೇಟೆಗೆ ಯಾರು ಹೋಗ್ತಾರೆ" ಎನ್ನುತ್ತಿದ್ದರು. ಇಡುವುದು ಕಷ್ಟವೇನೂ ಆಗಿರಲಿಲ್ಲ. ಸ್ಕೂಟರಿನಲ್ಲಿ ಟೆಟ್ರಾ ಪ್ಯಾಕೆಟ್ ಬಾಕ್ಸ್ ತಂದು, "ಎಂಆರ್‌ಪಿ ಮೇಲೆ ನಿಮಗೆ ಬೇಕಾದಷ್ಟು ಇಟ್ಟುಕೊಳ್ಳಿ" ಎನ್ನುವವರು ಹಳ್ಳಿ ಅಂಗಡಿಗಳಿಗೆ ತಾವಾಗಿಯೇ ಬರುತ್ತಾರೆ. ಎಷ್ಟೋ ಪೆಟ್ಟಿಗೆ ಅಂಗಡಿಗಳಲ್ಲಿ ಬೀಡಿ ಕಟ್ಟಿನ ಹಿಂದೆ ನೈಂಟಿ ಇರುತ್ತದೆ, ಎಲ್ಲರಿಗೂ ಗೊತ್ತು. ಆದರೆ ಸಿಕ್ಕಿಬಿದ್ದರೆ ಬೀಳುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಕೇಸು. ಸನ್ನದಿಲ್ಲದೆ ಮಾರಿದ್ದಕ್ಕೆ 32ನೇ ಕಲಂ. ಮಾರದೆ ಇದ್ದರೂ, ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಕುಡಿಯಲು ಬಿಟ್ಟರೆ 15ಎ. ಈ ಎರಡನೆಯದು ಕಿರಾಣಿ ಅಂಗಡಿಯವರಿಗೆ ಗೊತ್ತೇ ಇರುವುದಿಲ್ಲ. ಲೋಟ, ನೀರು, ಕಡಲೆಬೀಜ ಮಾರಿದ್ದಷ್ಟೇ ಅಂದುಕೊಂಡವರ ಹೆಸರು ಎಫ್‌ಐಆರ್‌ನಲ್ಲಿ ಬಂದಿರುತ್ತದೆ.

ಮಾಡುವುದಾದರೆ ಸನ್ನದು ತೆಗೆದುಕೊಂಡೇ ಮಾಡೋಣ ಎಂದು ವಿಚಾರಿಸಲು ಹೊರಟೆ. ಅಲ್ಲಿ ಗೊತ್ತಾದ ಮೊದಲ ಸಂಗತಿ: ಅರ್ಜಿ ಹಾಕಿದರೆ ಹೊಸ ಸಿಎಲ್-2 ಕೊಡುವ ಪದ್ಧತಿ 1992ರಿಂದ ನಿಂತುಹೋಗಿದೆ. ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9 ಕಥೆಯೂ ಅದೇ. ಸಿಎಲ್-7 ಬೇಕೆಂದರೆ ಲಾಡ್ಜ್ ಕಟ್ಟಬೇಕು, ರೂಮು ತೋರಿಸಬೇಕು. ಸಿಎಲ್-11ಸಿ ಅನ್ನುವುದು ಸರ್ಕಾರಿ ಕಂಪನಿಯಾದ ಎಂಎಸ್‌ಐಎಲ್‌ಗೆ ಮಾತ್ರ. ಬೇಕಿದ್ದರೆ ಅವರಿಗೆ ನಿಮ್ಮ ಮಳಿಗೆಯನ್ನು ಬಾಡಿಗೆಗೆ ಕೊಡಬಹುದು, ವ್ಯಾಪಾರ ಅವರದು. ಮದುವೆ, ಪಾರ್ಟಿಗೆ ಒಂದು ದಿನದ ಮಟ್ಟಿಗೆ ಸಿಗುವ ಸಿಎಲ್-5 ಅಂಗಡಿಗೆ ಬರುವುದಿಲ್ಲ. ಉಳಿದದ್ದು ಒಂದೇ ದಾರಿ. ಈಗಾಗಲೇ ಸನ್ನದು ಇರುವವರಿಂದ ಅದನ್ನು ನಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದು.

ಹೊಸದು ಬರುವುದಿಲ್ಲ, ಹಳೆಯದಕ್ಕೆ ಗಿರಾಕಿ ಜಾಸ್ತಿ. ರೇಟು ಹೇಗಿರುತ್ತದೆ ನೀವೇ ಊಹಿಸಿ. ನಾನು ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಯವರಿಗೇ ಪೂರ್ತಿ ಹೇಳಿಲ್ಲ! ಬ್ರೋಕರ್‌ಗಳು ಇನ್ನೊಂದು ದಾರಿಯನ್ನೂ ತೋರಿಸುತ್ತಾರೆ: "ಸನ್ನದು ಅವರ ಹೆಸರಲ್ಲೇ ಇರಲಿ ಸಾರ್, ನೀವು ತಿಂಗಳಿಗಿಷ್ಟು ಕೊಟ್ಟು ನಡೆಸಿ." ನಾನು ಬೇಡ ಅಂದೆ. ಸ್ಟಾಕಿಗೆ ದುಡ್ಡು ಹಾಕುವವರು ನಾವು, ಕಾಗದದಲ್ಲಿ ಅಂಗಡಿ ಅವರದು. ನಾಳೆ ಅವರು ತೀರಿಕೊಂಡರೆ, ಅಥವಾ ಅಣ್ಣತಮ್ಮಂದಿರು ಜಗಳವಾಡಿದರೆ, ನಾವು ಯಾರು? ಕೋರ್ಟಿನಲ್ಲಿ ನಿಂತು "ನಾನು ಒಳಬಾಡಿಗೆಗೆ ನಡೆಸುತ್ತಿದ್ದೆ" ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ನನಗೆ ಸಿಕ್ಕವರು ಅದೇ ತಾಲ್ಲೂಕಿನ ವಯಸ್ಸಾದ ಸನ್ನದುದಾರರು. ಮಕ್ಕಳಿಗೆ ಈ ವ್ಯಾಪಾರ ಬೇಡವಾಗಿತ್ತು. ಮಾತು ಮುಗಿಸುವ ಮೊದಲು ಕೆಲವು ಕಾಗದ ಕೇಳಿದೆ. ಹಿಂದಿನ ವರ್ಷಗಳ ಶುಲ್ಕ ಕಟ್ಟಿದ ಚಲನ್, ಅಂಗಡಿ ಮೇಲೆ ಅಬಕಾರಿ ಮೊಕದ್ದಮೆ ಇದೆಯೇ ಎಂಬ ವಿವರ, ಬ್ಯಾಂಕ್ ಸಾಲಕ್ಕೆ ಏನಾದರೂ ಸಿಕ್ಕಿಕೊಂಡಿದೆಯೇ ಅನ್ನುವುದು. ಮಕ್ಕಳೆಲ್ಲರ ಸಹಿಯನ್ನೂ ಒಂದು ಒಪ್ಪಿಗೆ ಪತ್ರಕ್ಕೆ ಹಾಕಿಸಿಕೊಂಡೆ. ಕಾನೂನು ಅದನ್ನು ಕೇಳುತ್ತದೋ ಇಲ್ಲವೋ, ಹಳ್ಳಿಯಲ್ಲಿ ವ್ಯವಹಾರ ಮಾಡಿದವರಿಗೆ ಆ ಸಹಿಗಳ ಬೆಲೆ ಗೊತ್ತು. "ಏನಪ್ಪ, ಜಮೀನು ಬರೆಸಿಕೊಳ್ಳೋ ಹಂಗೆ ಮಾಡ್ತಿದೀಯಲ್ಲ" ಎಂದು ಹಿರಿಯರು ನಕ್ಕರು. ನಕ್ಕುಕೊಂಡೇ ಕೊಡಿಸಿದರು.

ಅರ್ಜಿ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಇನ್‌ಸ್ಪೆಕ್ಟರ್ ವರದಿ, ಅವರ ಮೇಲಿನವರ ವರದಿ, ಬೆಂಗಳೂರಿನ ಆಯುಕ್ತರ ಒಪ್ಪಿಗೆ, ವರ್ಗಾವಣೆ ಶುಲ್ಕ, ಹೀಗೆ ಸಾಗುತ್ತದೆ. ಶುಲ್ಕವನ್ನು ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿರುತ್ತಾರೆ; ಮಹಾನಗರ ಪಾಲಿಕೆಗೆ ಒಂದು ದರ, ಹಳ್ಳಿಗೆ ಇನ್ನೊಂದು. ಈ ಭಾಗದ ಬಗ್ಗೆ ಹೇಳಬೇಕಾದ್ದು ಒಂದೇ, ಅದು ಕಾಲದ ವಿಷಯ. ಅಬಕಾರಿ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದಿಲ್ಲ. ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಮೇ, ಜೂನ್ ಬಂತೆಂದರೆ ಕಚೇರಿ ತುಂಬ ನವೀಕರಣದ ಫೈಲುಗಳೇ. ಆಗ ವರ್ಗಾವಣೆ ಅರ್ಜಿ ಹಿಡಿದು ಹೋದರೆ ಸುಮ್ನೆ ಕಾಯಬೇಕು. ನಾನು ದೀಪಾವಳಿ ಮುಗಿದ ಕೂಡಲೇ ಅರ್ಜಿ ಹಾಕಿದ್ದೆ.

ಇನ್ನು ಜಾಗದ ವಿಷಯ. ಸನ್ನದು ಹುಡುಕುವುದಕ್ಕಿಂತ ಇದು ಕಷ್ಟ. ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಮೊದಲು ನೋಡಬೇಕಾದ್ದು ಇದನ್ನೇ.

ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ 1967ರದ್ದು. ಅದರ 5ನೇ ನಿಯಮ ಹೇಳುವುದು ಇಷ್ಟು: ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ಹೆಚ್ಚಾಗಿರುವ ವಸತಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಓದಿದರೆ ಸುಲಭ ಅನಿಸುತ್ತದೆ. ನಮ್ಮ ಒಂದು ಹಳ್ಳಿಯ ನಕ್ಷೆ ತೆಗೆದು ಇವುಗಳ ಸುತ್ತ ಗೆರೆ ಎಳೆದು ನೋಡಿ. ಪಂಚಾಯಿತಿ ಕಚೇರಿಗೆ ಒಂದು, ಶಾಲೆಗೆ ಒಂದು, ಬಸವಣ್ಣನ ಗುಡಿಗೆ ಒಂದು, ಊರಮುಂದಿನ ಮಾರಮ್ಮನಿಗೆ ಒಂದು, ಆರೋಗ್ಯ ಕೇಂದ್ರಕ್ಕೆ ಒಂದು. ಉಳಿಯುವುದು ಊರಾಚೆಯ ಹೊಲ.

ಹೊಲದ ಕಡೆ ಹೋದರೆ ಹೆದ್ದಾರಿ ಅಡ್ಡ ಬರುತ್ತದೆ. ತುಮಕೂರಿನ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ, ಅಲ್ವಾ? ಸರ್ವಿಸ್ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದರೆ ವ್ಯಾಪಾರಕ್ಕೆ ಮೋಸವಿಲ್ಲ ಎಂದು ಬ್ರೋಕರ್ ತೋರಿಸಿದ ಮೊದಲ ಜಾಗವೇ ಅದು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು. 2017ರ ಮಾರ್ಚ್‌ನಲ್ಲಿ, 20,000ದವರೆಗೆ ಜನಸಂಖ್ಯೆ ಇರುವ ಸ್ಥಳೀಯ ಸಂಸ್ಥೆಗಳ ಕಡೆ 220 ಮೀಟರ್ ಸಾಕು ಅಂದಿತು. ಅದೇ ಜುಲೈನಲ್ಲಿ, ನಗರಸಭೆ, ಪಾಲಿಕೆಗಳ ಒಳಗಿನ ಅಂಗಡಿಗಳಿಗೆ ಈ ಆದೇಶ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ಆ ವರ್ಷ ಜೂನ್ 30ಕ್ಕೆ ಸನ್ನದಿನ ಅವಧಿ ಮುಗಿದಾಗ ಹೆದ್ದಾರಿ ಪಕ್ಕದ ಎಷ್ಟು ಅಂಗಡಿಗಳು ಬಾಗಿಲು ಹಾಕಿದವು ಅನ್ನುವುದು ಈ ದಾರಿಯಲ್ಲಿ ಓಡಾಡಿದವರಿಗೆ ನೆನಪಿರಬಹುದು. ಹಾಗಾಗಿ ಅದೇ ರಸ್ತೆ ಪಾಲಿಕೆಯ ಗಡಿಯೊಳಗೆ ಇದ್ದಾಗ ಒಂದು ಲೆಕ್ಕ, ಗಡಿ ದಾಟಿ ಗ್ರಾಮ ಪಂಚಾಯಿತಿಗೆ ಬಂದರೆ ಇನ್ನೊಂದು ಲೆಕ್ಕ. ಬ್ರೋಕರ್ ತೋರಿಸಿದ ಮಳಿಗೆ ಪಂಚಾಯಿತಿ ಕಡೆಯದು. ಅಲ್ಲೇ ಕೈಬಿಟ್ಟೆ.

ನನ್ನ ಪ್ರಾವಿಷನ್ ಸ್ಟೋರಿನ ಪಕ್ಕದಲ್ಲೇ ಒಂದು ಗೋಡೌನ್ ಇದೆ. ಮನಸ್ಸೆಲ್ಲ ಅದರ ಮೇಲೇ ಇತ್ತು. ಬಾಡಿಗೆ ಇಲ್ಲ, ಕಣ್ಣೆದುರಿಗೆ ಇರುತ್ತದೆ. ಆದರೆ ಸರ್ಕಾರಿ ಶಾಲೆ ಹತ್ತಿರ. ಇಲ್ಲಿ ಅಳತೆಯ ಒಂದು ಸೂಕ್ಷ್ಮ ಇದೆ. ನೂರು ಮೀಟರನ್ನು ಆಕಾಶದಲ್ಲಿ ಹಗ್ಗ ಕಟ್ಟಿದಂತೆ ನೇರವಾಗಿ ಅಳೆಯುವುದಿಲ್ಲ. ಅಂಗಡಿ ಬಾಗಿಲಿನ ನಡುಮಧ್ಯದಿಂದ ಶುರು ಮಾಡಿ, ನಡೆದು ಹೋಗುವವರು ಸಾಮಾನ್ಯವಾಗಿ ಬಳಸುವ ಹತ್ತಿರದ ದಾರಿಯಲ್ಲೇ ಹೋಗಿ, ಕಾಂಪೌಂಡ್ ಇದ್ದರೆ ಆ ಸಂಸ್ಥೆಯ ಹತ್ತಿರದ ಗೇಟಿನ ನಡುಮಧ್ಯಕ್ಕೆ ಅಳೆಯುತ್ತಾರೆ. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಬಾಗಿಲಿಗೆ. ಅಂದರೆ ಶಾಲೆಯ ಹಿಂಗೋಡೆ ನಿಮ್ಮ ಅಂಗಡಿಗೆ ಅಂಟಿಕೊಂಡಿದ್ದರೂ, ಗೇಟು ಸುತ್ತಿ ಬರುವಷ್ಟು ದೂರವಿದ್ದರೆ ಕಾಗದದ ಮೇಲೆ ಅಂಗಡಿ ಪಾಸಾಗಬಹುದು. ನನ್ನ ಗೋಡೌನಿಗೆ ಟೇಪು ಹಿಡಿದರೆ ನೂರು ಮೀಟರ್ ಆಗಲಿಲ್ಲ. ಬಾಗಿಲನ್ನು ಆಚೆ ಬದಿಗೆ ತಿರುಗಿಸಿದರೆ ಆಗುತ್ತದೆ ಎಂದು ಒಬ್ಬರು ಉಪಾಯ ಹೇಳಿದರು. ಆಗುತ್ತಿತ್ತೇನೋ. ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಲು ನನ್ನ ಅಂಗಡಿಗೇ ಬರುತ್ತಾರೆ. ಆ ಉಪಾಯ ನನಗೆ ಹಿಡಿಸಲಿಲ್ಲ.

ಕೊನೆಗೆ ಸಿಕ್ಕಿದ್ದು ಕಾರ್ಖಾನೆಗಳ ಕಡೆ ತಿರುಗುವ ಒಳರಸ್ತೆಯಲ್ಲಿ ಹೊಸದಾಗಿ ಕಟ್ಟಿದ ಮಳಿಗೆ ಸಾಲು. ಅರ್ಜಿ ಹಾಕುವ ಮೊದಲೇ ನಾನೂ ನನ್ನ ಭಾಮೈದನೂ ಬೆಳಗಿನ ಜಾವ ಹೋಗಿ ಟೇಪು ಹಿಡಿದು ಎಲ್ಲಾ ದಿಕ್ಕಿಗೂ ಅಳೆದಿದ್ದೆವು. ಇಲಾಖೆಯವರು ಬಂದು ಅಳೆದಾಗ ಹೆಚ್ಚು ಕಡಿಮೆ ಅದೇ ಬಂತು. ಹತ್ತಿರದಲ್ಲಿ ಒಂದು ಅಂಗನವಾಡಿ ಇತ್ತು. ಅದು ಶಿಕ್ಷಣ ಸಂಸ್ಥೆ ಹೌದೋ ಅಲ್ಲವೋ ಎಂದು ವಾದಕ್ಕೆ ನಿಲ್ಲುವ ಬದಲು, ಅದರಿಂದಲೂ ನೂರು ಮೀಟರ್ ದಾಟುವಂತೆ ಸಾಲಿನ ಆ ತುದಿಯ ಮಳಿಗೆಯನ್ನೇ ಹಿಡಿದೆ. ಕಟ್ಟಡದ ಮಾಲೀಕರ ಹೆಸರಲ್ಲಿ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ಇದೆಯೇ ಎಂದು ನೋಡಿಕೊಂಡೆ. ಚೆಕ್‌ಬಂದಿ ಸಮೇತ ನಕ್ಷೆ, ಬಾಡಿಗೆ ಕರಾರು, ಪಂಚಾಯಿತಿಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಎಲ್ಲ ಆಯಿತು. ಮದ್ಯಕ್ಕೂ ಎಫ್‌ಎಸ್‌ಎಸ್‌ಎಐ ಬೇಕಾ ಎಂದು ಆಶ್ಚರ್ಯಪಡುವವರಿದ್ದಾರೆ. ಬೇಕು.

ಕಾಗದ ಸರಿಯಿದ್ದರೆ ಮುಗಿಯಿತು ಅಂದುಕೊಳ್ಳಬೇಡಿ. ಬೋರ್ಡು ಬರೆಸುವ ಮೊದಲೇ ಊರಿನ ಹೆಣ್ಣುಮಕ್ಕಳ ಸಂಘದವರು ಪ್ರಾವಿಷನ್ ಸ್ಟೋರಿಗೆ ಬಂದರು. ಎಲ್ಲರೂ ನನ್ನ ಗಿರಾಕಿಗಳೇ. "ಏನಣ್ಣ, ಸಂಬಳದ ದುಡ್ಡು ಮನೆಗೆ ಬರೋ ಮೊದ್ಲು ನಿನ್ನ ಗಲ್ಲಾಕ್ಕೆ ಬರ್ಲಿ ಅಂತಾನಾ?" ಎಂದು ನೇರವಾಗಿ ಕೇಳಿದರು. ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟರೆ ಫೈಲು ಅಲ್ಲೇ ನಿಲ್ಲುತ್ತದೆ ಅನ್ನುವುದು ಅವರಿಗೂ ಗೊತ್ತಿತ್ತು. ಕೂತು ಮಾತಾಡಿದೆವು. ಬಸ್ ನಿಲ್ದಾಣದ ಕಡೆ ಬಾಗಿಲು ಬೇಡ, ಅಂಗಡಿ ಮುಂದೆ ಯಾರನ್ನೂ ನಿಲ್ಲಿಸಿಕೊಳ್ಳಬಾರದು, ಸಾಲ ಬರೆಯಬಾರದು ಅಂದರು. ಸಾಲದ ಮಾತು ಒಬ್ಬ ಅಜ್ಜಿಯದು, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕಿರಾಣಿಯಲ್ಲಿ ನಾನು ಲೆಕ್ಕದ ಪುಸ್ತಕ ಇಟ್ಟಿದ್ದೇನೆ, ಇಲ್ಲಿ ಇಟ್ಟಿಲ್ಲ. ಎಲ್ಲರೂ ಒಪ್ಪಿದರು ಅಂತಲ್ಲ. ಒಂದಿಬ್ಬರು ಅವತ್ತಿನಿಂದ ಅಕ್ಕಿಗೂ ನನ್ನ ಅಂಗಡಿಗೆ ಬರುವುದಿಲ್ಲ.

ಅಂಗಡಿ ತೆರೆದ ಮೇಲಿನ ಕೆಲಸ ಕಿರಾಣಿಗಿಂತ ಸರಳ. ಮಂಡಿಪೇಟೆಯಲ್ಲಿ ಬೆಲ್ಲ, ಬೇಳೆಗೆ ಚೌಕಾಸಿ ಮಾಡಿ ಬೆಳೆದವರಿಗೆ ಇಲ್ಲಿ ಮಾಡಲು ಏನೂ ಇಲ್ಲ. ಸರಕು ಬರುವುದು ಒಂದೇ ಕಡೆಯಿಂದ, ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದ. ಮೊದಲು ದುಡ್ಡು ಕಟ್ಟಬೇಕು, ಆನ್‌ಲೈನಲ್ಲಿ ಇಂಡೆಂಟ್ (ಬೇಕಾದ ಸರಕಿನ ಪಟ್ಟಿ) ಹಾಕಬೇಕು, ಆಮೇಲೆ ಲೋಡು. ಕಂಪನಿ ಸಾಲ, ವಾಪಸ್ಸು, ಎರಡಕ್ಕೊಂದು ಉಚಿತ, ಇಂಥದ್ದೇನೂ ಇಲ್ಲ. ಬಾಟಲಿ ಮೇಲೆ ಅಬಕಾರಿ ಲೇಬಲ್ ಇರುತ್ತದೆ, ಎಂಆರ್‌ಪಿಯಲ್ಲೇ ನಮ್ಮ ಪಾಲೂ ಸೇರಿರುತ್ತದೆ. ಮದ್ಯ ಜಿಎಸ್‌ಟಿಗೆ ಬರುವುದಿಲ್ಲ, ಹಾಗಾಗಿ ಎರಡೂ ಅಂಗಡಿಯ ಲೆಕ್ಕವನ್ನು ಬೇರೆ ಬೇರೆಯೇ ಬರೆಸುತ್ತೇನೆ. ಸರ್ಕಾರ ತೆರಿಗೆ ಸ್ಲ್ಯಾಬ್, ಅಂದರೆ ಬೆಲೆಗೆ ತಕ್ಕ ತೆರಿಗೆಯ ಹಂತ, ಬದಲಿಸಿದಾಗ ಮಾತ್ರ ತಲೆನೋವು. 2024ರಲ್ಲಿ 18 ಸ್ಲ್ಯಾಬನ್ನು 16ಕ್ಕೆ ಇಳಿಸಿದಾಗ ದುಬಾರಿ ಬ್ರಾಂಡುಗಳ ಬೆಲೆ ಕಡಿಮೆಯಾಯಿತು. ಹಳೆ ಬೆಲೆಯ ಸ್ಟಾಕು ಜಾಸ್ತಿ ಇಟ್ಟುಕೊಂಡವರ ಮುಖ ನೋಡಬೇಕಿತ್ತು.

ಸಿಎಲ್-2 ಅಂದರೆ ಪಾರ್ಸಲ್ ಮಾತ್ರ. ಸೀಲು ಒಡೆಯದ ಬಾಟಲಿ ಕೊಟ್ಟು ಕಳಿಸಬೇಕು. ಪಕ್ಕದಲ್ಲಿ ಒಂದು ಕಟ್ಟೆ ಹಾಕಿ ನಿಲ್ಲಿಸಿಕೊಂಡರೆ ವ್ಯಾಪಾರ ಹೆಚ್ಚು, ನಿಜ, ಆದರೆ ಸನ್ನದಿಗೇ ಕುತ್ತು. 21 ತುಂಬದವರಿಗೆ ಕೊಡುವಂತಿಲ್ಲ. 2023ರಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಬಂದು, ವಿರೋಧ ಎದ್ದು ಹಿಂದಕ್ಕೆ ಹೋಯಿತು. ಫ್ಯಾಕ್ಟರಿ ಐಡಿ ಕಾರ್ಡ್ ತೋರಿಸುವ ಹುಡುಗರಿಗೆ ಹುಟ್ಟಿದ ದಿನಾಂಕ ಇರುವ ಕಾರ್ಡೇ ತೋರಿಸು ಎಂದು ನಮ್ಮ ಕ್ಯಾಷಿಯರ್ ಪಟ್ಟು ಹಿಡಿಯುತ್ತಾನೆ. ಗಾಂಧಿ ಜಯಂತಿಗೆ ಬಂದ್. ಚುನಾವಣೆ ಬಂದರೆ ಮತದಾನ ಮುಗಿಯುವ 48 ಗಂಟೆ ಮೊದಲಿನಿಂದ ಬಂದ್, ಎಣಿಕೆಯ ದಿನವೂ ಬಂದ್. ಗಣೇಶ ವಿಸರ್ಜನೆಗೆ ಜಿಲ್ಲಾಡಳಿತದ ಆದೇಶ ಬಂದರೆ ಆಗಲೂ.

ಈಗ ಒಂದು ಹೊಸ ಬಾಗಿಲು ತೆರೆದಿದೆ. ಹಂಚಿಕೆಯಾಗದೆ, ನವೀಕರಣವಾಗದೆ ಉಳಿದ ಸನ್ನದುಗಳನ್ನು ಇ-ಹರಾಜು ಹಾಕುವುದಾಗಿ ಸರ್ಕಾರ 2025-26ರ ಬಜೆಟ್‌ನಲ್ಲಿ ಹೇಳಿತು. ಅಂದಿನಿಂದ ನನಗೆ ಬರುವ ಫೋನುಗಳೆಲ್ಲ ಬಿಡ್ ಎಷ್ಟಕ್ಕೆ ಹಾಕಬೇಕು ಅನ್ನುವ ಬಗ್ಗೆಯೇ. ಅದು ನನಗೆ ಗೊತ್ತಿಲ್ಲ. ಮಳಿಗೆ ನೋಡಿದ್ದೀರಾ, ಅಂಗಡಿ ಬಾಗಿಲಿನಿಂದ ಗೇಟಿಗೆ ಅಳೆದಿದ್ದೀರಾ ಎಂದು ಕೇಳುತ್ತೇನೆ. ಹೆಚ್ಚಿನವರು ಇನ್ನೂ ನೋಡಿರುವುದಿಲ್ಲ. ಮಳಿಗೆ ಸಿಕ್ಕವರಿಗೆ ಇನ್ನೊಂದು ಮಾತು: ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡಿಸಬೇಡಿ, ಅದು ಸನ್ನದಿನ ವರ್ಷದ ನಡುವೆ ಮುಗಿದರೆ ಮಾಲೀಕರು ಹೇಳಿದ್ದೇ ಬಾಡಿಗೆ. ನಾನು ಐದು ವರ್ಷಕ್ಕೆ ರಿಜಿಸ್ಟರ್ ಮಾಡಿಸಿ, ಕೊನೆಯ ದಿನ ಜೂನ್ 30ಕ್ಕೇ ಬರುವ ಹಾಗೆ ಬರೆಸಿದ್ದೇನೆ.