ತರಬೇತಿಯಿಂದ ಪಗಾರ ಏರಿತೇ? ಉದ್ಯಮಬಾಗದಲ್ಲಿ ಲೆಕ್ಕ ಹಾಕುವ ಬಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಿಗಾಗಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ನಡೆಯುವ ಯಂತ್ರ) ತರಬೇತಿ ನಡೆಸುವವರು ಸಮಾರೋಪದ ದಿನವೇ ಅಭಿಪ್ರಾಯದ ಫಾರ್ಮ್ ತುಂಬಿಸಿಕೊಳ್ಳಬಾರದು. ಸರ್ಟಿಫಿಕೇಟ್ ಕೈಗೆ ಬಂದ ಖುಷಿಯಲ್ಲಿ ಯಾರಾದರೂ ‘ಚೊಲೋ ಆತ್ರಿ’ ಎಂದೇ ಅನ್ನುತ್ತಾರೆ. ಪಗಾರ, ತೃಪ್ತಿ ಎರಡನ್ನೂ ತರಬೇತಿಗೆ ಮೊದಲೊಮ್ಮೆ, ಮುಗಿದು ಆರು ತಿಂಗಳಾದ ಮೇಲೆ ಇನ್ನೊಮ್ಮೆ ಕೇಳಿ.

ಅಷ್ಟೂ ಸಾಲದು. ಸೀಟು ಸಿಗದವರನ್ನೂ ಅದೇ ಎರಡು ಸಲ ಕೇಳಬೇಕು. ಜನ ತರಬೇತಿಗೆ ಬರುವುದೇ ಗಳಿಕೆ ಕುಸಿದಾಗ ಎಂಬುದನ್ನು ಅರ್ಥಶಾಸ್ತ್ರಜ್ಞ ಆರ್ಲಿ ಆಶನ್‌ಫೆಲ್ಟರ್ ಅಮೆರಿಕದ ದಾಖಲೆಗಳಿಂದ 1978ರಲ್ಲಿ ತೋರಿಸಿದರು. ಹಾಗೆ ಕುಸಿದ ಗಳಿಕೆ ತರಬೇತಿ ಇಲ್ಲದೆಯೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

60 ಸೀಟಿಗೆ 120 ಅರ್ಹ ಅರ್ಜಿ ಬಂದರೆ ಚೀಟಿ ಎತ್ತಿ ಆರಿಸಿ, ಉಳಿದವರಿಗೆ ಎರಡನೇ ಸಲ ಕೇಳಿ ಮುಗಿದ ನಂತರದ ಬ್ಯಾಚಿನಲ್ಲಿ ಜಾಗ ಕೊಡಿ. ಮೊದಲು ಬಂದವರಿಗೇ ಸೀಟು ಕೊಟ್ಟರೆ ಚುರುಕಿನವರೆಲ್ಲ ಒಂದೇ ಗುಂಪಿಗೆ ಸೇರುತ್ತಾರೆ. ಚೀಟಿಯಲ್ಲಿ ಹೆಸರು ಬಂದು ನಡುವೆ ಬಿಟ್ಟುಹೋದವರನ್ನೂ ತರಬೇತಿ ಗುಂಪಿನಲ್ಲೇ ಎಣಿಸಿ. ಕೈಬಿಟ್ಟರೆ ಗಟ್ಟಿಗರಷ್ಟೇ ಉಳಿದು ಫಲ ಉಬ್ಬಿ ಕಾಣುತ್ತದೆ.

ತರಬೇತಿ ಗುಂಪಿನ ಸರಾಸರಿ ಪಗಾರ 12,000ದಿಂದ 15,500ಕ್ಕೆ, ಸೀಟು ಸಿಗದ ಗುಂಪಿನದು 12,200ರಿಂದ 14,200ಕ್ಕೆ ಏರಿತೆನ್ನಿ. 3,500ರಲ್ಲಿ 2,000 ಕಳೆಯಿರಿ. ತರಬೇತಿಯ ಪಾಲು 1,500 ರೂಪಾಯಿ ಮಾತ್ರ. ಕೆಲಸವಿಲ್ಲದವರ ಪಗಾರ ಸೊನ್ನೆ ಎಂದು ಸೇರಿಸಬೇಕು.

‘ಪಗಾರ ಎಷ್ಟು?’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಮೂಲ ಪಗಾರ, ಓಟಿ, ಪಿಎಫ್ ಮತ್ತು ಇಎಸ್‌ಐ ಕಡಿತ, ದುಡಿದ ತಾಸು ಬೇರೆಬೇರೆ ಬರೆಯಿರಿ. 12 ತಾಸಿನ ಪಾಳಿಯಿಂದ ಬಂದ ಹೆಚ್ಚಿನ ದುಡ್ಡು ಕೌಶಲದ ಬೆಲೆಯಲ್ಲ.

ತೃಪ್ತಿಯನ್ನೂ ಬಿಡಿಸಿಯೇ ಅಳೆಯಬೇಕು. 1969ರ ‘ಜಾಬ್ ಡಿಸ್ಕ್ರಿಪ್ಟಿವ್ ಇಂಡೆಕ್ಸ್’ ಎಂಬ, ಕೆಲಸದ ತೃಪ್ತಿ ಅಳೆಯುವ ಪ್ರಶ್ನಾವಳಿ ಅದನ್ನು ಕೆಲಸ, ಪಗಾರ, ಬಡ್ತಿ, ಮೇಲ್ವಿಚಾರಣೆ, ಜೊತೆಗಾರರು ಎಂದು ಐದಾಗಿ ವಿಂಗಡಿಸಿತ್ತು. ನಮ್ಮಲ್ಲಿ ಕುಲುಮೆಯ ಝಳ, ದೂಳು ಸೇರಿಸಿ. ‘ಕಲಿತದ್ದು ಬಳಕೆಗೆ ಬಂತೇ?’ ಎಂಬುದನ್ನಂತೂ ಮರೆಯಬೇಡಿ. ಪ್ರೋಗ್ರಾಮ್ ಬರೆಯಲು ಕಲಿತವನನ್ನು ಜಾಬ್ (ಯಂತ್ರಕ್ಕೆ ಹಾಕುವ ಬಿಡಿಭಾಗ) ಎತ್ತಿಡುವ ಹೆಲ್ಪರ್ ಕೆಲಸಕ್ಕೇ ಹಚ್ಚಿದರೆ ಪಗಾರ ಏರಿದರೂ ಅವನು ನಿಲ್ಲುವುದು ಕಷ್ಟ. 1ರಿಂದ 5ರ ಅಂಕ ಸಾಕು. ಮರಾಠಿಯಲ್ಲೂ ಫಾರ್ಮ್ ಇರಲಿ. ಮೊದಲು ಐದು ಜನರಿಗೆ ಓದಿ ಹೇಳಿ, ಎಲ್ಲಿ ತಡವರಿಸುತ್ತಾರೆ ನೋಡಿ. ಸೂಪರ್‌ವೈಸರ್ ಎದುರಿಗೆ ಕೇಳಲೇಬೇಡಿ.

ಪುಣೆ, ಕೊಲ್ಹಾಪುರಕ್ಕೆ ಹೋದವರು ಕೈತಪ್ಪದಂತೆ ಮೊದಲೇ ಇಬ್ಬರು ಸಂಬಂಧಿಕರ ನಂಬರನ್ನೂ ಬರೆದುಕೊಳ್ಳಿ. ಗುಂಪಿಗೆ 50 ಜನರಷ್ಟೇ ಸಿಕ್ಕರೆ, ‘ಕೆಲಸ ಇದೆ’ ಎಂದವರ ಶೇಕಡಾವಾರಿನಲ್ಲಿ 20 ಅಂಶಕ್ಕಿಂತ ಕಡಿಮೆ ಇರುವ ಅಂತರ ಬರೀ ಆಕಸ್ಮಿಕವೂ ಆಗಿರಬಹುದು. ಅದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ.